ಇಂಗ್ಲಿಷ್ ತಾಸಿನ ಆರು ದಿನ

ವಿಜಯಪುರದ ರೈಲು ನಿಲ್ದಾಣದಿಂದ ಹೊರಬಿದ್ದು ಸ್ಟೇಷನ್ ರಸ್ತೆಗುಂಟ ಊರೊಳಗೆ ಹೊರಟವರಿಗೆ ಇಂಗ್ಲಿಷು ಬೇಡವೆಂದರೂ ಕಣ್ಣಿಗೆ ಬೀಳುತ್ತದೆ, ಕಿವಿಗೆ ಬೀಳುತ್ತದೆ. ನಿಲ್ದಾಣದ ಹೆಸರಿನ ಫಲಕ ಕನ್ನಡ, ಹಿಂದಿ, ಇಂಗ್ಲಿಷು ಮೂರರಲ್ಲೂ ಇದೆ. ಗಾಡಿ ಬರುವ ಸುದ್ದಿಯೂ ಒಂದಾದ ಮೇಲೊಂದು ಭಾಷೆಯಲ್ಲಿ ಮೊಳಗುತ್ತದೆ. ಹೊರಗೆ ಲಾಡ್ಜು, ಮೆಡಿಕಲ್ ಸ್ಟೋರು, ಝೆರಾಕ್ಸ್ ಅಂಗಡಿ, ಮೊಬೈಲ್ ರಿಪೇರಿ. ಸ್ವಲ್ಪ ದೂರ ನಡೆದರೆ ಗೋಲಗುಂಬಜ. ಅಲ್ಲಿ ಪರದೇಶದ ಪ್ರವಾಸಿಗಳನ್ನು ಕಂಡ ಹುಡುಗರು ‘ಹಲೋ, ವಾಟ್ ಈಸ್ ಯುವರ್ ನೇಮ್?’ ಎಂದು ಕೂಗಿ, ಉತ್ತರಕ್ಕೂ ಕಾಯದೆ ನಗುತ್ತ ಓಡುತ್ತಾರೆ.

ಬೀದಿಯಲ್ಲಿ ಇಷ್ಟು ಧೈರ್ಯವಾಗಿ ಕೂಗಿದ ಹುಡುಗನೇ ಮರುದಿನ ವರ್ಗದಲ್ಲಿ ಇಂಗ್ಲಿಷ್ ಪಿರಿಯಡ್ಡಿನ ಗಂಟೆ ಬಾರಿಸಿದೊಡನೆ ಹಿಂದಿನ ಬೆಂಚಿಗೆ ಸರಿಯುತ್ತಾನೆ. ‘ಗಣಿತ ಹೆಂಗಾರ ಮಾಡ್ತೀನ್ರಿ ಸರ, ಇಂಗ್ಲಿಷ್ ಮಾತ್ರ ತಲಿಗೆ ಹತ್ತವಲ್ದು’ ಎನ್ನುವುದು ಕನ್ನಡ ಮಾಧ್ಯಮದ ಪ್ರೌಢಶಾಲೆಗಳಲ್ಲಿ ಪ್ರತಿ ವರ್ಷ ಕೇಳಿಬರುವ ಮಾತು. ಬೀದಿಯ ಇಂಗ್ಲಿಷಿಗೂ ವರ್ಗದ ಇಂಗ್ಲಿಷಿಗೂ ನಡುವೆ ಈ ಅಂತರ ಹುಟ್ಟುವುದು ಹೇಗೆ? ಅದನ್ನು ತಿಳಿಯಬೇಕಾದರೆ ಒಂದು ವಾರ ಆ ವರ್ಗದೊಳಗೆ ಏನು ನಡೆಯುತ್ತದೆಂದು ನೋಡಬೇಕು.

ಸೋಮವಾರ: ಓದು ಮತ್ತು ಪ್ರತಿಧ್ವನಿ

ವರ್ಗದಲ್ಲಿ ಕುಳಿತವರೆಲ್ಲ ಒಂದೇ ಭಾಷೆಯ ಮಕ್ಕಳಲ್ಲ. ಕೆಲವರ ಮನೆಮಾತು ಕನ್ನಡ, ಕೆಲವರದು ಉರ್ದು. ತಾಂಡಾದಿಂದ ಬರುವ ಮಕ್ಕಳು ಮನೆಯಲ್ಲಿ ಲಂಬಾಣಿ ಆಡುತ್ತಾರೆ. ಮರಾಠಿ ಆಡುವ ಮನೆಗಳೂ ಇವೆ. ಹೀಗಾಗಿ ಇಂಗ್ಲಿಷು ಕೆಲವರಿಗೆ ಎರಡನೆಯ ಭಾಷೆಯಾದರೆ ಹಲವರಿಗೆ ಮೂರನೆಯದು, ನಾಲ್ಕನೆಯದು. ಸುಗ್ಗಿ ಮುಗಿದ ಮೇಲೆ ತಂದೆತಾಯಿ ಗೋವಾಕ್ಕೋ ಮಹಾರಾಷ್ಟ್ರಕ್ಕೋ ದುಡಿಯಲು ಹೋದರೆ ಮಗು ಅಜ್ಜಿಯ ಹತ್ತಿರ ಉಳಿಯುತ್ತದೆ. ಮನೆಯಲ್ಲಿ ಪಾಠ ಹೇಳಿಕೊಡುವವರಿಲ್ಲ. ಇಂಥ ಮಗುವಿಗೆ ಇಂಗ್ಲಿಷ್ ಕಿವಿಗೆ ಬೀಳುವ ಜಾಗ ಶಾಲೆಯೊಂದೇ.

ಸೋಮವಾರ ಹೊಸ ಪಾಠ. ಇತ್ತೀಚಿನ ವರ್ಷಗಳ ಹತ್ತನೆಯ ತರಗತಿಯ ದ್ವಿತೀಯ ಭಾಷೆ ಇಂಗ್ಲಿಷ್ ಪುಸ್ತಕ ಆರ್.ಕೆ. ನಾರಾಯಣರ ‘ಎ ಹೀರೋ’ ಕತೆಯಿಂದ ಶುರುವಾಗುತ್ತದೆ. ಅಜ್ಜಿಯ ಮಗ್ಗುಲಲ್ಲೇ ಮಲಗುವ ಪುಕ್ಕಲು ಹುಡುಗ ಸ್ವಾಮಿ. ಹಳ್ಳಿಯ ಹುಡುಗನೊಬ್ಬ ಹುಲಿಯೊಂದಿಗೆ ಸೆಣಸಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ತಂದೆ, ಧೈರ್ಯವಿದ್ದರೆ ಒಂದು ರಾತ್ರಿ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು ಎಂದು ಸವಾಲು ಹಾಕುತ್ತಾರೆ. ಆ ರಾತ್ರಿ ಕಳ್ಳ ನುಗ್ಗುತ್ತಾನೆ. ದೆವ್ವವೆಂದೋ ಚೇಳೆಂದೋ ಹೆದರಿ ಬೆಂಚಿನಡಿ ಅವಿತಿದ್ದ ಸ್ವಾಮಿ ಅವನ ಕಾಲಿಗೆ ಕಚ್ಚಿಬಿಡುತ್ತಾನೆ. ಬೆಳಗಾದರೆ ಅವನೇ ಊರಿನ ವೀರ! ಪೊಲೀಸ್ ಕೆಲಸ ಸೇರು ಎಂದವರಿಗೆ ಸ್ವಾಮಿ ಬಾಯಲ್ಲಿ ಹೂಂ ಎನ್ನುತ್ತಾನೆ. ಮನಸ್ಸಿನಲ್ಲಿ ಮಾತ್ರ ರೈಲು ಎಂಜಿನ್ ಚಾಲಕನೋ, ಗಾರ್ಡೋ, ಬಸ್ ಕಂಡಕ್ಟರನೋ ಆಗಬೇಕೆಂದು ಅವನು ಮೊದಲೇ ನಿಶ್ಚಯಿಸಿಕೊಂಡಿದ್ದಾನೆ. ಸ್ಟೇಷನ್ ರಸ್ತೆಯ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಕತೆ ಇನ್ನಾವುದು?

ಆದರೆ ಕತೆ ಮಗುವನ್ನು ಮುಟ್ಟುವ ಮೊದಲು ಒಂದು ಆಚಾರ ನಡೆಯುತ್ತದೆ. ಶಿಕ್ಷಕರು ಒಂದು ಸಾಲು ಓದುತ್ತಾರೆ, ಅರುವತ್ತು ಕಂಠಗಳು ಅದನ್ನೇ ಮರಳಿ ಒಪ್ಪಿಸುತ್ತವೆ. ವಿಜ್ಞಾನದ ಪುಸ್ತಕದ ಪ್ರಕಾರ ಪ್ರತಿಧ್ವನಿ ಬೇರೆಯಾಗಿ ಕೇಳಿಸಬೇಕಾದರೆ ಎದುರಿನ ಗೋಡೆ ಸುಮಾರು 17 ಮೀಟರು ದೂರವಿರಬೇಕು. ಗೋಲಗುಂಬಜದ ವಿಶಾಲ ಗುಮ್ಮಟದಡಿ ಇದು ಸಾಧ್ಯ. ಇಂಗ್ಲಿಷ್ ವರ್ಗದಲ್ಲಿ ಮಾತ್ರ ಆರು ಮೀಟರಿನ ಕೋಣೆಯಲ್ಲೂ ಪ್ರತಿಧ್ವನಿ ಕೇಳಿಸುತ್ತದೆ! ಕೇಳುವ ಕಿವಿಗೆ ಅದು ಇಂಪು. ಆದರೆ ಗುಮ್ಮಟವು ತಾನು ಮರಳಿಸುವ ಮಾತಿನ ಅರ್ಥವನ್ನು ಹೇಗೆ ಅರಿಯದೋ, ಸಾಮೂಹಿಕವಾಗಿ ಒಪ್ಪಿಸುವ ಮಗುವೂ ಹಲವು ಸಲ ಹಾಗೆಯೇ ಅರಿತಿರುವುದಿಲ್ಲ. ಬಲ್ಲ ಶಿಕ್ಷಕರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಮೊದಲು ಕತೆಯನ್ನು ಕನ್ನಡದಲ್ಲಿ ಸ್ವಾರಸ್ಯವಾಗಿ ಅರ್ಧಕ್ಕೆ ಹೇಳಿ ನಿಲ್ಲಿಸುತ್ತಾರೆ. ‘ಮುಂದ ಏನಾತು ಅಂತ ಪುಸ್ತಕದಾಗ ಹುಡುಕ್ರಿ’ ಎನ್ನುತ್ತಾರೆ. ಆಗ ಮಕ್ಕಳು ಓದುವುದು ಒಪ್ಪಿಸಲಿಕ್ಕಲ್ಲ, ತಿಳಿಯಲಿಕ್ಕೆ.

ಮಂಗಳವಾರ: ತಪ್ಪುಗಳಿಗೂ ಕಾರಣವಿದೆ

ಮಂಗಳವಾರ ವ್ಯಾಕರಣ. ಕೆಂಪು ಶಾಯಿಯ ದಿನ. ಮಕ್ಕಳು ಮಾಡುವ ತಪ್ಪುಗಳನ್ನು ದಡ್ಡತನವೆಂದು ತಳ್ಳಿಹಾಕುವ ಮೊದಲು ಒಂದು ಮಾತು ಗಮನಿಸಬೇಕು. ಅವುಗಳಲ್ಲಿ ಬಹಳಷ್ಟು ತಪ್ಪುಗಳಿಗೆ ಖಚಿತವಾದ ಕಾರಣವಿದೆ.

ಕನ್ನಡದಲ್ಲಿ ‘ಹುಲಿ ಹುಡುಗನನ್ನು ಕಂಡಿತು’ ಎನ್ನಿ, ‘ಹುಡುಗನನ್ನು ಹುಲಿ ಕಂಡಿತು’ ಎನ್ನಿ, ಕಂಡದ್ದು ಹುಲಿಯೇ. ಕಂಡವರು ಯಾರು, ಕಾಣಿಸಿಕೊಂಡವರು ಯಾರು ಎಂಬುದನ್ನು ವಿಭಕ್ತಿ ಪ್ರತ್ಯಯ ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ನಾಮಪದಗಳಿಗೆ ಅಂಥ ಪ್ರತ್ಯಯವಿಲ್ಲ. ಪದ ಕುಳಿತ ಜಾಗವೇ ಅಲ್ಲಿ ಪ್ರತ್ಯಯದ ಕೆಲಸ ಮಾಡುತ್ತದೆ. ಹುಲಿಯನ್ನೂ ಹುಡುಗನನ್ನೂ ಜಾಗ ಬದಲಿಸಿ ಕೂರಿಸಿದರೆ ಕತೆಯೇ ತಿರುಗಿಬೀಳುತ್ತದೆ. ಈ ಒಂದು ಭೇದವನ್ನು ಬೋರ್ಡಿನ ಮೇಲೆ ಎರಡು ಸಾಲಿನಲ್ಲಿ ತೋರಿಸಿದರೆ ಹತ್ತು ನಿಯಮ ಬಾಯಿಪಾಠ ಮಾಡಿಸುವುದಕ್ಕಿಂತ ಹೆಚ್ಚು ಫಲ ಸಿಗುತ್ತದೆ.

ಇನ್ನೊಂದು ತಪ್ಪು ನೋಡಿ: ‘ಮೈ ಫಾದರ್ ಆರ್ ಕಮಿಂಗ್.’ ಏಕವಚನಕ್ಕೆ ಬಹುವಚನದ ಕ್ರಿಯಾಪದ. ಆದರೆ ಮಗು ಮನಸ್ಸಿನಲ್ಲಿ ಹೇಳಿಕೊಂಡದ್ದು ‘ನಮ್ಮ ಅಪ್ಪ ಬರ್ತಾರ’ ಎಂದು. ಅಪ್ಪನಿಗೆ ‘ಬರ್ತಾನ’ ಎನ್ನಲು ನಾಲಿಗೆ ಹೇಗೆ ಹೊರಳೀತು? ಹಿರಿಯರಿಗೆ ಕನ್ನಡ ಕೊಡುವ ಗೌರವವನ್ನು ಮಗು ಇಂಗ್ಲಿಷಿಗೂ ಕೊಂಡೊಯ್ದಿದೆ. ಇಂಗ್ಲಿಷಿನಲ್ಲಿ ಆ ಗೌರವ ಕ್ರಿಯಾಪದದಲ್ಲಿ ಕಾಣಿಸುವುದಿಲ್ಲ ಎಂದು ತಿಳಿಸಿದರೆ ಸಾಕು. ಅದಕ್ಕೆ ನಗುವ ಕಾರಣವಿಲ್ಲ.

ಉಚ್ಚಾರದ ಕತೆಯೂ ಇದೇ. ‘ಸ್ಕೂಲು’ ಎನ್ನಲು ಹೋಗಿ ‘ಇಸ್ಕೂಲು’, ‘ಸ್ಟೇಷನ್’ ಎನ್ನಲು ಹೋಗಿ ‘ಇಸ್ಟೇಷನ್’. ಪದದ ಮೊದಲಲ್ಲೇ ಎರಡು ವ್ಯಂಜನ ಒತ್ತಾಗಿ ಬಂದಾಗ ನಾಲಿಗೆ ಒಂದು ಸ್ವರದ ಆಸರೆ ಹುಡುಕುತ್ತದೆ. ಅಭ್ಯಾಸದಿಂದ ಇದು ಸರಿಹೋಗುತ್ತದೆ, ಅಪಹಾಸ್ಯದಿಂದಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಕಾಗುಣಿತ. ಕನ್ನಡದ ಮಗು ಬರೆದಂತೆ ಓದಿ, ಓದಿದಂತೆ ಬರೆದು ರೂಢಿಯಾದದ್ದು. ಅದಕ್ಕೆ ‘ಪುಟ್’ ಮತ್ತು ‘ಬಟ್’ ಪದಗಳಲ್ಲಿ ಒಂದೇ ಸ್ವರಾಕ್ಷರ ಎರಡು ಬಗೆಯಾಗಿ ನುಡಿಯುವುದು ಅನ್ಯಾಯವೆನಿಸುತ್ತದೆ. ‘ನೈಫ್’ ಬರೆಯುವಾಗ ಮೊದಲಿಗೆ ಒಂದು ಮೂಕ ‘ಕೆ’ ಏಕೆ? ಹಿಂದೆ ಇಂಗ್ಲಿಷರು ಆ ‘ಕೆ’ಯನ್ನು ಉಚ್ಚರಿಸುತ್ತಲೇ ಇದ್ದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಮುದ್ರಣಯಂತ್ರ ತಂದ. ಅಚ್ಚಾದ ಕಾಗುಣಿತ ಕ್ರಮೇಣ ಗಟ್ಟಿಯಾಗುತ್ತ ಹೋಯಿತು, ನಾಲಿಗೆ ಮಾತ್ರ ಬದಲಾಗುತ್ತಲೇ ನಡೆಯಿತು. ಹೀಗೆ ಇಂದಿನ ಮಗು ಬರೆಯುತ್ತಿರುವುದು ಶತಮಾನಗಳ ಹಿಂದಿನ ಉಚ್ಚಾರವನ್ನು. ಇಷ್ಟು ಹೇಳಿದರೆ ಮೂಕ ಅಕ್ಷರದ ಮೇಲಿನ ಸಿಟ್ಟು ಕುತೂಹಲವಾಗಿ ಮಾರ್ಪಡುತ್ತದೆ.

ಬುಧವಾರ: ರೈಲಿನ ವೇಳಾಪಟ್ಟಿ

ಬುಧವಾರ ಬೋರ್ಡಿನ ಮೇಲೆ ಒಂದು ಲೆಕ್ಕದ ಗಾಡಿ ಓಡಿಸಿ ನೋಡಬಹುದು. ಗಾಡಿ ವಿಜಯಪುರ ಬಿಡುವುದು 6 ಗಂಟೆಗೆ. ಬಸವನ ಬಾಗೇವಾಡಿ ರೋಡ್ ಮುಟ್ಟುವುದು 6-40ಕ್ಕೆ, ಆಲಮಟ್ಟಿ 7-15ಕ್ಕೆ, ಬಾಗಲಕೋಟೆ 8 ಗಂಟೆಗೆ. ಇವು ಊಹೆಯ ಹೊತ್ತು, ಊರುಗಳು ಮಾತ್ರ ನಿಜ. ಈಗ ಪ್ರಶ್ನೆಗಳು ಇಂಗ್ಲಿಷಿನಲ್ಲಿ: ಆಲಮಟ್ಟಿಯಿಂದ ಬಾಗಲಕೋಟೆಗೆ ಎಷ್ಟು ಹೊತ್ತು? ಗಾಡಿ ಇಪ್ಪತ್ತು ನಿಮಿಷ ತಡವಾದರೆ ಬಾಗಲಕೋಟೆಯಲ್ಲಿ 8-15ರ ಬಸ್ಸು ಸಿಕ್ಕೀತೇ? ಸಿಗುವುದಿಲ್ಲವಾದರೆ ಏಕೆ?

ಗಣಿತ ಬಲ್ಲ ಹುಡುಗ ತಟ್ಟನೆ ಕೈ ಎತ್ತುತ್ತಾನೆ. ಉತ್ತರ ಅವನಿಗೆ ಗೊತ್ತು, ಹೇಳಲು ಮಾತು ಬೇಕು. ‘ನೋ ಸರ್, ಬಸ್ ಗೋ... ಟ್ರೇನ್ ಲೇಟ್ ಕಮ್’ ಎನ್ನುತ್ತಾನೆ. ಶಿಕ್ಷಕರು ‘ಯೆಸ್, ದ ಟ್ರೇನ್ ವಿಲ್ ಕಮ್ ಲೇಟ್’ ಎಂದು ಸರಿಯಾದ ರೂಪವನ್ನು ಸಹಜವಾಗಿ ಹೇಳಿ ಮುಂದೆ ಸಾಗುತ್ತಾರೆ. ಗದರಿಕೆ ಇಲ್ಲ, ಕೆಂಪು ಗೆರೆ ಇಲ್ಲ. ಹುಡುಗನ ಮನಸ್ಸೆಲ್ಲ ಬಸ್ಸಿನ ಮೇಲಿದೆ, ಇಂಗ್ಲಿಷು ಅವನಿಗೆ ತಿಳಿಯದಂತೆ ಒಳಗಿಳಿಯುತ್ತಿದೆ.

ಈ ಪದ್ಧತಿಗೆ ಕರ್ನಾಟಕದ ನೆಲದಲ್ಲೇ ಒಂದು ಇತಿಹಾಸವಿದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಎಂಬ ವಿದ್ವಾಂಸರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಸಹಕಾರದೊಂದಿಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಜಗತ್ತಿನ ಭಾಷಾಬೋಧನೆಯ ಗ್ರಂಥಗಳಲ್ಲಿ ಅದು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಪ್ರಸಿದ್ಧವಾಗಿದೆ. ವ್ಯಾಕರಣದ ಪಟ್ಟಿಯನ್ನು ಬದಿಗಿಟ್ಟು, ರೈಲಿನ ವೇಳಾಪಟ್ಟಿ, ನಕಾಶೆ ಮುಂತಾದವುಗಳನ್ನು ಆಧರಿಸಿದ ಸಣ್ಣ ಸಣ್ಣ ಸಮಸ್ಯೆಗಳನ್ನು ಮಕ್ಕಳ ಮುಂದಿಡಲಾಯಿತು. ಮೊದಲು ಇಡೀ ವರ್ಗ ಶಿಕ್ಷಕರೊಂದಿಗೆ ಒಂದು ಸಮಸ್ಯೆ ಬಿಡಿಸುವುದು, ಆಮೇಲೆ ಅದೇ ಬಗೆಯ ಇನ್ನೊಂದನ್ನು ಪ್ರತಿಯೊಬ್ಬರೂ ತಾವೇ ಬಿಡಿಸುವುದು. ಅರ್ಥದ ಮೇಲೆ ಗಮನವಿದ್ದಾಗ ಭಾಷೆಯ ರೂಪ ತಾನಾಗಿ ಮೈಗೂಡುತ್ತದೆ ಎಂಬುದು ಪ್ರಭು ಅವರ ನಂಬಿಕೆ. 1987ರಲ್ಲಿ ಅವರು ಈ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದರು. ಇಂದು ಬೇರೆ ಬೇರೆ ದೇಶಗಳಲ್ಲಿ ‘ಕಾರ್ಯಾಧಾರಿತ ಬೋಧನೆ’ ಎಂದು ನಡೆಯುತ್ತಿರುವ ಪದ್ಧತಿಗೆ ಈ ಪ್ರಯೋಗವೂ ಒಂದು ಬುನಾದಿ.

ಪ್ರಯೋಗ ಎಲ್ಲವನ್ನೂ ಗೆದ್ದಿತೆಂದೇನೂ ಅಲ್ಲ. 1985ರಲ್ಲಿ ಪ್ರಕಟವಾದ ಮೌಲ್ಯಮಾಪನ ಅದರ ಪರವಾಗಿ ಎಚ್ಚರಿಕೆಯ ಮಾತನ್ನಷ್ಟೇ ಆಡಿತು. ನಿತ್ಯದ ಪಾಠದ ಹೊರೆ ಹೊತ್ತ ಶಿಕ್ಷಕರಿಗೆ ಈ ದಾರಿ ಸುಲಭವಾಗಿರಲಿಲ್ಲ. ತಾವೇ ಇಂಗ್ಲಿಷಿನಲ್ಲಿ ಸರಾಗವಾಗಿ ಮಾತನಾಡಬೇಕಾದ ಕೆಲಸ ಅದು. ವಾರದ ಎಲ್ಲ ಪಿರಿಯಡ್ಡುಗಳನ್ನೂ ಹೀಗೆ ಕಳೆಯುವುದು ಆಗದ ಮಾತೇ ಇರಬಹುದು. ಆದರೆ ವಾರದಲ್ಲಿ ಒಂದು? ರೈಲು ನಿಲ್ದಾಣ ಇಷ್ಟು ಹತ್ತಿರವಿರುವಾಗ ವೇಳಾಪಟ್ಟಿಗೇನು ಬರವೇ!

ಗುರುವಾರ: ಗೈಡಿನ ಆಸರೆ

ಗುರುವಾರ ಪ್ರಶ್ನೋತ್ತರ. ಇಲ್ಲಿ ಪುಸ್ತಕ ಮುಚ್ಚಿ ಗೈಡು ತೆರೆಯುತ್ತದೆ. ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20. ಪತ್ರಲೇಖನ, ಚಿತ್ರ ನೋಡಿ ವರ್ಣಿಸುವುದು, ಕೊಟ್ಟ ವಿವರಗಳಿಂದ ವ್ಯಕ್ತಿಪರಿಚಯ ಬರೆಯುವುದು, ಪದ್ಯದ ಸಾಲುಗಳನ್ನು ನೆನಪಿನಿಂದ ಬರೆಯುವುದು: ಇವೆಲ್ಲ ಪ್ರಶ್ನೆಪತ್ರಿಕೆಯ ಪರಿಚಿತ ಮುಖಗಳು. ಹಿಂದುಳಿದ ಮಕ್ಕಳಿಗಾಗಿ ‘ಪಾಸಿಂಗ್ ಪ್ಯಾಕೇಜ್’ ಎಂಬ ಕಿರು ಕೈಪಿಡಿಗಳೂ ಸಿದ್ಧವಾಗುತ್ತವೆ. ಪತ್ರಕ್ಕೊಂದು ಅಚ್ಚು, ಪ್ರಬಂಧಕ್ಕೊಂದು ಅಚ್ಚು.

ಈ ಅಚ್ಚುಗಳನ್ನು ಪೂರ್ತಿ ಹಳಿಯುವುದು ನ್ಯಾಯವಲ್ಲ. ತಂದೆತಾಯಿ ಊರಲ್ಲಿಲ್ಲದ, ವರ್ಷದಲ್ಲಿ ಎರಡು ತಿಂಗಳು ಶಾಲೆ ತಪ್ಪಿಸಿಕೊಂಡ ಹುಡುಗಿ ಇದರ ಆಸರೆಯಿಂದಲೇ ದಡ ಸೇರಬಹುದು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ನಪಾಸಾದರೂ ಕೆಲವು ಮನೆಗಳಲ್ಲಿ ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತದೆ, ಮುಂದಿನ ಮಾತು ಮದುವೆಯದೇ. ಅಂಥ ಮಗುವಿಗೆ ಪಾಸಾಗುವುದು ಸಣ್ಣ ಸಂಗತಿಯಲ್ಲ.

ಅಪಾಯ ಇರುವುದು ಬೇರೆ ಕಡೆ. ಚೆನ್ನಾಗಿ ಓದುವ ಮಗುವೂ ಅಚ್ಚಿಗೇ ಅಂಟಿಕೊಂಡರೆ ಹತ್ತು ವರ್ಷ ಇಂಗ್ಲಿಷ್ ಕಲಿತೂ ಸ್ವಂತ ವಾಕ್ಯ ಬರೆಯಲಾಗದೆ ಉಳಿಯುತ್ತದೆ. ಇಂದಿನ ಅನೇಕ ಪಾಲಕರು ತಾವು ಇಂಗ್ಲಿಷ್ ಕಲಿತದ್ದು ಐದನೆಯ ತರಗತಿಯಿಂದ. ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007-08ರಲ್ಲಿ. 2019-20ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಶುರುವಾದವು. ಕಲಿಕೆಯ ವರ್ಷಗಳು ಹೆಚ್ಚಿವೆ. ಆ ವರ್ಷಗಳಲ್ಲಿ ಮಗು ತನ್ನ ಮಾತನ್ನು ತಾನೇ ಎಷ್ಟು ಸಲ ಆಡಿದೆ, ಎಷ್ಟು ಸಲ ಬರೆದಿದೆ ಎಂಬುದನ್ನು ಕೇಳುವವರು ಕಡಿಮೆ.

ಶುಕ್ರವಾರ: ಗೋಕಾಕರ ಪದ್ಯ

ಶುಕ್ರವಾರ ಪದ್ಯದ ತಾಸು. ಇತ್ತೀಚಿನ ವರ್ಷಗಳ ಹತ್ತನೆಯ ತರಗತಿಯ ಇದೇ ಇಂಗ್ಲಿಷ್ ಪುಸ್ತಕದಲ್ಲಿ ‘ದ ಸಾಂಗ್ ಆಫ್ ಇಂಡಿಯಾ’ ಎಂಬ ಪದ್ಯವಿದೆ. ಬರೆದವರು ವಿ.ಕೃ. ಗೋಕಾಕರು. ‘ಇವ್ರು ಕನ್ನಡ ಕವಿ ಅಲ್ಲೇನ್ರಿ?’ ಎಂದು ಮಕ್ಕಳು ಕೇಳುವುದು ಸಹಜ. ಅದಕ್ಕೆ ಉತ್ತರವಾಗಿ ಶಿಕ್ಷಕರು ಐದು ನಿಮಿಷ ಗೋಕಾಕರ ಬದುಕನ್ನು ಹೇಳಿದರೆ ಅದೇ ಒಂದು ಪಾಠವಾದೀತು.

1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ಗೋಕಾಕರು ಆಕ್ಸ್‌ಫರ್ಡಿನಲ್ಲಿ ಓದಿ ಬಂದು ಇಂಗ್ಲಿಷ್ ಪ್ರಾಧ್ಯಾಪಕರಾದರು. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿ ದೇಶದ ಇಂಗ್ಲಿಷ್ ಶಿಕ್ಷಕರ ತರಬೇತಿಯನ್ನೇ ನೋಡಿಕೊಂಡರು. ಅದೇ ವ್ಯಕ್ತಿ ಕನ್ನಡದಲ್ಲಿ ‘ಭಾರತ ಸಿಂಧು ರಶ್ಮಿ’ ಮಹಾಕಾವ್ಯ ಬರೆದು ಜ್ಞಾನಪೀಠ ಪುರಸ್ಕೃತರಾದರು. 1981ರಲ್ಲಿ ಪ್ರೌಢಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಕೊಡಬೇಕೆಂದು ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಅವರೇ. ಆ ವರದಿಯ ಜಾರಿಗಾಗಿ 1982ರಲ್ಲಿ ನಾಡಿನಾದ್ಯಂತ ಚಳವಳಿ ನಡೆಯಿತು. ಇತ್ತ ವಿಜಯಪುರದಲ್ಲೇ ವಕೀಲಿ ಮಾಡುತ್ತ ವಚನಗಳ ತಾಡೋಲೆಗಳನ್ನು ಹುಡುಕಿ ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರು ಆ ವಚನಗಳನ್ನು ಇಂಗ್ಲಿಷಿಗೂ ಅನುವಾದಿಸಿ ಹೊರಗಿನವರಿಗೆ ಪರಿಚಯಿಸಿದರು.

ಕನ್ನಡ ಗಟ್ಟಿಯಾದರೆ ಇಂಗ್ಲಿಷ್ ಸೊರಗುತ್ತದೆ, ಇಂಗ್ಲಿಷ್ ಬೇಕಾದರೆ ಕನ್ನಡ ಬಿಡಬೇಕು ಎಂದು ತಕ್ಕಡಿ ಹಿಡಿದು ಕೂತ ಪಾಲಕರಿಗೆ ಈ ಇಬ್ಬರು ಹಿರಿಯರ ಬದುಕಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಶನಿವಾರ: ಪಿಯುಸಿಯ ಹೊಸ್ತಿಲು

ಶನಿವಾರ ಮುಂಜಾನೆಯ ಶಾಲೆ. ಕವಾಯತು ಮುಗಿಸಿ ಬಂದ ಮಕ್ಕಳಿಗೆ ಕಿರು ಪರೀಕ್ಷೆ, ಇಲ್ಲವೇ ಶಬ್ದಗಳ ಆಟ. ಈ ದಿನವನ್ನು ಒಂದು ಮುಖ್ಯ ಕೆಲಸಕ್ಕೆ ಬಳಸಬಹುದು. ಕನ್ನಡ ಮಾಧ್ಯಮದ ಮಗು ಒಳ್ಳೆಯ ಅಂಕ ಪಡೆದು ಪಿಯುಸಿ ವಿಜ್ಞಾನಕ್ಕೆ ಸೇರಿದಾಗ ಅಲ್ಲಿ ಬಹುತೇಕ ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೊದಲ ತಿಂಗಳಲ್ಲೇ ಎದೆಗುಂದಿ ವಿಜ್ಞಾನ ಬಿಟ್ಟು ಬೇರೆ ವಿಭಾಗಕ್ಕೆ ಹೋಗುವ ಜಾಣ ಮಕ್ಕಳಿದ್ದಾರೆ. ವಿಷಯ ಅವರಿಗೆ ಗೊತ್ತಿಲ್ಲವೆಂದಲ್ಲ, ಗೊತ್ತಿದ್ದ ವಿಷಯದ ಹೆಸರು ಬದಲಾಗಿದೆ ಅಷ್ಟೆ.

‘ದ್ಯುತಿಸಂಶ್ಲೇಷಣೆ’ ಎಂದರೆ ಎಲೆ ಬೆಳಕಿನ ನೆರವಿನಿಂದ ಆಹಾರ ತಯಾರಿಸುವ ಕ್ರಿಯೆ ಎಂದು ಹತ್ತನೆಯ ತರಗತಿಯ ಮಗು ಬಲ್ಲದು. ‘ಫೋಟೋಸಿಂಥಸಿಸ್’ ಎಂದರೆ ಬೆದರುತ್ತದೆ. ಆದರೆ ‘ಫೋಟೋ’ ಎಂದರೆ ಬೆಳಕು, ಕನ್ನಡದಲ್ಲಿ ‘ದ್ಯುತಿ’. ‘ಸಿಂಥಸಿಸ್’ ಎಂದರೆ ಕೂಡಿಸುವುದು, ಕನ್ನಡದಲ್ಲಿ ‘ಸಂಶ್ಲೇಷಣೆ’. ಗ್ರೀಕ್ ಮೂಲದ ಆ ಪದವನ್ನೂ ಸಂಸ್ಕೃತ ಮೂಲದ ಈ ಪದವನ್ನೂ ಬಿಡಿಸಿ ಪಕ್ಕಪಕ್ಕದಲ್ಲಿ ಇಟ್ಟರೆ ಎರಡೂ ಒಂದೇ ಅಚ್ಚಿನವು! ವಕ್ರೀಭವನಕ್ಕೆ ‘ರಿಫ್ರ್ಯಾಕ್ಷನ್’, ವೇಗೋತ್ಕರ್ಷಕ್ಕೆ ‘ಆಕ್ಸಲರೇಷನ್’ ಎಂದು ದಿನಕ್ಕೆ ಮೂರು ಜೋಡಿ ಬರೆದರೂ ಇನ್ನೂರು ದಿನಗಳಲ್ಲಿ ಆರುನೂರು ಶಬ್ದಗಳಾಗುತ್ತವೆ. ಪಿಯುಸಿಯ ಹೊಸ್ತಿಲು ದಾಟಲು ಇದು ದೊಡ್ಡ ಬಲ. ಇಂಗ್ಲಿಷ್ ಶಿಕ್ಷಕರೂ ವಿಜ್ಞಾನ ಶಿಕ್ಷಕರೂ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಐದು ನಿಮಿಷ ಮಾತಾಡಿಕೊಂಡರೆ ಈ ಪಟ್ಟಿ ಸಿದ್ಧ.

ಹಳ್ಳಿಯಿಂದ ಬರುವ ಮಗು ತನಗೆ ಇಂಗ್ಲಿಷ್ ಶಬ್ದವೇ ಗೊತ್ತಿಲ್ಲವೆಂದು ತಿಳಿದಿರುತ್ತದೆ. ಅದರ ಬಾಯಿಂದಲೇ ಒಂದು ಪಟ್ಟಿ ಮಾಡಿಸಿ ನೋಡಿ. ಬೋರ್‌ವೆಲ್, ಮೋಟರ್, ಸ್ಟಾರ್ಟರ್, ಪೈಪು, ಡ್ರಿಪ್, ಟ್ರಾನ್ಸ್‌ಫಾರ್ಮರ್, ಲೋನ್, ಟಿಕೆಟ್, ರಿಸರ್ವೇಶನ್, ಸಿಗ್ನಲ್, ರೀಚಾರ್ಜ್, ಬ್ಯಾಲೆನ್ಸ್... ಅರ್ಧ ತಾಸಿನಲ್ಲಿ ನೂರು ಶಬ್ದ ದಾಟುತ್ತದೆ. ಅಪ್ಪನ ಹೊಲದ ಬಾವಿಯಲ್ಲೇ ಅಷ್ಟು ಇಂಗ್ಲಿಷಿತ್ತೆಂದು ತಿಳಿದ ಮಗುವಿನ ಮುಖ ಅರಳುವುದನ್ನು ನೋಡಬೇಕು.

ಭಾನುವಾರ: ಪಾಲಕರ ಪಾಳಿ

ಶಾಲೆಗೆ ರಜೆ. ಉಳಿದ ಕೆಲಸ ಮನೆಯದು. ‘ನಮಗ ಇಂಗ್ಲಿಷ್ ಬರಂಗಿಲ್ರಿ, ನಾವೇನು ಕಲಿಸೋಣು?’ ಎಂದು ಕೈಚೆಲ್ಲುವ ಪಾಲಕರಿಗೆ ಕೆಲವು ಮಾತು.

ದಿನಕ್ಕೆ ಹದಿನೈದು ನಿಮಿಷ ಮಗು ಗಟ್ಟಿಯಾಗಿ ಇಂಗ್ಲಿಷ್ ಓದಲಿ, ನೀವು ಪಕ್ಕದಲ್ಲಿ ಕುಳಿತು ಕೇಳಿರಿ. ತಪ್ಪು ಹಿಡಿಯುವ ಕೆಲಸ ನಿಮ್ಮದಲ್ಲ. ಓದಿದ ಮೇಲೆ ‘ಏನೈತಿ ಇದರಾಗ, ಕನ್ನಡದಾಗ ಹೇಳು’ ಎನ್ನಿರಿ. ಅಜ್ಜಿಯೂ ಈ ಕೆಲಸ ಮಾಡಬಲ್ಲಳು. ಹೇಳಲು ತಡವರಿಸಿದರೆ ಮಗು ಅರ್ಥವಾಗದೆ ಓದಿದೆ ಎಂದು ಅಕ್ಷರ ಬಾರದವರಿಗೂ ತಿಳಿಯುತ್ತದೆ. ಮತ್ತೊಮ್ಮೆ ಓದಿಸಿರಿ.

ಗೈಡಿಗೆ ಹಾಕುವ ದುಡ್ಡಿನಲ್ಲಿ ಒಂದು ಸಣ್ಣ ಇಂಗ್ಲಿಷ್–ಕನ್ನಡ ನಿಘಂಟು ಕೊಡಿಸಿರಿ. ಪೇಟೆಗೆ ಕರೆದುಕೊಂಡು ಹೋದಾಗ ಹತ್ತು ಫಲಕಗಳನ್ನು ಮಗುವಿನಿಂದ ಓದಿಸಿರಿ. ಔಷಧದ ಚೀಟಿ, ಬೀಜದ ಪೊಟ್ಟಣ, ರೈಲು ಟಿಕೆಟ್ಟು, ಬ್ಯಾಂಕಿನ ಅರ್ಜಿ ಎಲ್ಲವೂ ಪುಸ್ತಕಗಳೇ. ನೆಂಟರ ಮುಂದೆ ‘ಇಂಗ್ಲಿಷಿನ್ಯಾಗ ಏನರ ಮಾತಾಡು’ ಎಂದು ನಿಲ್ಲಿಸಿ ಪರೀಕ್ಷಿಸಬೇಡಿರಿ. ಪಕ್ಕದ ಮನೆಯ ಕಾನ್ವೆಂಟ್ ಹುಡುಗನೊಂದಿಗೆ ಹೋಲಿಸಬೇಡಿರಿ.

ವಿದ್ಯಾರ್ಥಿಗಳಿಗೂ ಒಂದು ಮಾತು. ಗೋಲಗುಂಬಜದ ಮುಂದೆ ಪ್ರವಾಸಿಗೆ ‘ವಾಟ್ ಈಸ್ ಯುವರ್ ನೇಮ್’ ಎಂದು ಕೂಗಿ ಓಡಿಹೋಗುವ ಬದಲು ಮುಂದಿನ ಸಲ ನಿಂತು ಉತ್ತರ ಕೇಳಿಸಿಕೊಳ್ಳಿರಿ. ಅವರು ಮರುಪ್ರಶ್ನೆ ಹಾಕಿದರೆ ಗೊತ್ತಿದ್ದಷ್ಟರಲ್ಲಿ ಹೇಳಿರಿ. ಗುಮ್ಮಟದ ಬಗ್ಗೆ, ಊರಿನ ಬಗ್ಗೆ ಅವರಿಗಿಂತ ನಿಮಗೇ ಹೆಚ್ಚು ಗೊತ್ತು. ವಾಕ್ಯ ತಪ್ಪಾದೀತು, ಆಗಲಿ. ಸೋಮವಾರ ವರ್ಗಕ್ಕೆ ಬಂದು ‘ಸರ, ಇದನ್ನ ಇಂಗ್ಲಿಷಿನ್ಯಾಗ ಹೆಂಗ ಹೇಳಬೇಕಿತ್ತು?’ ಎಂದು ಕೇಳಿದರೆ, ಇಂಗ್ಲಿಷ್ ಶಿಕ್ಷಕರಿಗೆ ಇಡೀ ವಾರದಲ್ಲಿ ಅದಕ್ಕಿಂತ ಸಂತೋಷದ ಪ್ರಶ್ನೆ ಬೇರೊಂದಿರಲಾರದು.